ಮೊಸೇಸೆ ಕೇಳುವ ವಾಪಸ್ ಟಿಕೆಟ್
ಟೊಂಗಾದಲ್ಲಿ ವಿಮಾನ ಇಳಿದವರಿಗೆಲ್ಲ ಮೊದಲು ಕಾಣುವುದು ಪಾಸ್‌ಪೋರ್ಟ್ ಕೌಂಟರಿನ ಮೊಸೇಸೆಯ ಗಂಟಿಕ್ಕಿದ ಹುಬ್ಬು. ಅಲ್ಲಿನವರ ಮರ್ಯಾದೆಯ ಉಡುಪಿನಂತೆ ಸೊಂಟಕ್ಕೆ ಸುತ್ತಿದ ಚಾಪೆಯನ್ನು ಬಿಗಿಮಾಡಿಕೊಂಡು, “ಬರೋದಕ್ಕೇನು, ಯಾರ್ ಬೇಕಾದ್ರೂ ಬರ್ತಾರೆ. ಹೋಗೋದ್ಯಾವಾಗ? ವಾಪಸ್ ಟಿಕೆಟ್ ತೆಗೀರಿ” ಎನ್ನುವುದು ಅವನ ನಿತ್ಯದ ಸುಪ್ರಭಾತ. ತಿಮಿಂಗಿಲ ನೋಡಲು ಬಂದ ಪ್ರವಾಸಿಗೂ ಇದೇ, ಉಪದೇಶಕ್ಕೆ ಬಂದ ಪಾದ್ರಿಗೂ ಇದೇ. ತಿಮಿಂಗಿಲಗಳನ್ನೂ ಸಾಲಿನಲ್ಲಿ ನಿಲ್ಲಿಸುತ್ತಿದ್ದ, ಅವು ವರ್ಷವರ್ಷವೂ ತಪ್ಪದೆ ವಾಪಸ್ ಹೋಗುತ್ತವೆಂದು ಬಿಟ್ಟಿದ್ದಾನೆ ಎಂದು ಜೊತೆಯವರು ನಗುತ್ತಾರೆ. ಮನೆಗೆ ಬಂದ ಭಾವಮೈದುನನನ್ನೂ “ಎಷ್ಟು ದಿನ?” ಎಂದು ಕೇಳಿ ಹೆಂಡತಿಯಿಂದ ಉಗಿಸಿಕೊಂಡವನು ಅವನು. ಮೊನ್ನೆ ಆಕ್ಲೆಂಡಿನ ವಿಮಾನದಿಂದ ಇಳಿದ ಮುದುಕಿಯೊಬ್ಬಳು ನ್ಯೂಜಿಲೆಂಡಿನ ಪಾಸ್‌ಪೋರ್ಟನ್ನೂ ಒಂದು ಟಿಕೆಟನ್ನೂ ಮುಂದಿಟ್ಟಳು. ನಲವತ್ತು ವರ್ಷ ಅಲ್ಲಿನ ಆಸ್ಪತ್ರೆಯಲ್ಲಿ ನೆಲ ಒರೆಸಿದವಳು. “ಇದು ಬಂದ ಟಿಕೆಟ್ಟಾಯ್ತು ಅಜ್ಜಿ, ವಾಪಸ್ ಟಿಕೆಟ್ ಎಲ್ಲಿ?” ಎಂದ ಮೊಸೇಸೆ. “ಅದೇ ಕಣಪ್ಪಾ, ನೀನು ಹಿಡ್ಕೊಂಡಿದ್ದೀಯಲ್ಲ.” ನಿಯಮದಂತೆ ಅವಳನ್ನು ಅದೇ ವಿಮಾನಕ್ಕೆ ಹತ್ತಿಸಬೇಕಿತ್ತು. ಮೊಸೇಸೆ ಪಾಸ್‌ಪೋರ್ಟ್ ಬಿಡಿಸಿದ. ಹುಟ್ಟಿದ ಊರು ಎಂಬಲ್ಲಿ ಅವನದೇ ಹಳ್ಳಿಯ ಹೆಸರಿತ್ತು. ಹುಬ್ಬು ಗಂಟಿಕ್ಕಿಕೊಂಡೇ ಮೊಹರು ಒತ್ತಿ, ಅವಳು ತುಂಬಿದ್ದ ಪ್ರವೇಶದ ಅರ್ಜಿಯಲ್ಲಿ ‘ಹಿಂದಿರುಗುವ ದಿನಾಂಕ’ ಎಂಬುದರ ಮುಂದೆ ದುಂಡಗೆ ಅಂದಿನ ತಾರೀಖನ್ನೇ ಬರೆದ.