ಬರ್ತೀನಿ ಎಂದು ಹೋದವರು

ನಮ್ಮ ಮನೆಯಲ್ಲೊಬ್ಬ ಕ್ಯಾಪ್ಟನ್ ಇದ್ದಾಳೆ. ಹಡಗಿನದಲ್ಲ, ಕ್ರಿಕೆಟ್ಟಿನದೂ ಅಲ್ಲ. ನನ್ನ ಮೈದುನನ ಹೆಂಡತಿ, ಅಂದರೆ ನನ್ನ ಓರಗಿತ್ತಿ. ಭಾನುವಾರವೊಂದು ಬಿಟ್ಟು ಉಳಿದ ದಿನವೆಲ್ಲ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗಾಜು ಉಜ್ಜುವುದು ಅವಳ ಕೆಲಸ. ಮುಂದಿನ ಕೌಂಟರಿನವರು ಗೋಡೆಯ ಕಿಂಡಿಯಿಂದ ಟ್ರೇ ತಳ್ಳುತ್ತಾರೆ, ಇವಳು ಉಜ್ಜಿ ಅದೇ ಕಿಂಡಿಯಿಂದ ವಾಪಸು ತಳ್ಳುತ್ತಾಳೆ. ಮಾತಿಲ್ಲ, ಕತೆಯಿಲ್ಲ. ಯಂತ್ರದ ಗುರ್ ಸದ್ದಿನಲ್ಲಿ ಆಡಿದರೂ ಕೇಳಿಸುವುದಿಲ್ಲ. ಸಂಜೆ ಮನೆಗೆ ಬಂದಾಗ ಬೆರಳ ಸಂದಿಯಲ್ಲಿ ಗಾಜಿನ ಬಿಳಿ ಪುಡಿ ಕೂತಿರುತ್ತದೆ, ಮುಖದಲ್ಲಿ ಏನೂ ಇರುವುದಿಲ್ಲ.

ಅದೇ ಭಾನುವಾರ ನೋಡಬೇಕು. ಗರಿಗರಿ ಸಮವಸ್ತ್ರ ತೊಟ್ಟು, ಕೊರಳಿಗೆ ಸ್ಕಾರ್ಫು ಸುತ್ತಿ, ಸೀಟಿ ಸಿಕ್ಕಿಸಿಕೊಂಡು ಹೊರಟಳೆಂದರೆ ಬೀದಿಯ ಮಕ್ಕಳೆಲ್ಲ ಹಿಂದೆ. ಶಾಲೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಅವಳ ಸ್ಕೌಟ್ ದಳ ಸೇರುತ್ತಿತ್ತು. ಸೇರುತ್ತಿತ್ತು ಎಂದು ಬರೆಯುವಾಗಲೇ ನನಗೆ ಹೊಟ್ಟೆ ಉರಿಯುತ್ತದೆ.

ಮೊದಲು ಅಲ್ಲಿ ದೊಡ್ಡವರಿಗೇನೂ ಬರ ಇರಲಿಲ್ಲ. ಮುಂದೆ ನಿಂತು ನಡೆಸುವವರು ಒಬ್ಬರು, ಡೇರೆ ಹಗ್ಗ ಪಾತ್ರೆ ನೋಡಿಕೊಳ್ಳುವವರು ಒಬ್ಬರು, ಮಂಡಿ ತರಚಿದರೆ ಮದ್ದು ಹಚ್ಚುವವರು, ಅಪ್ಪ ಅಮ್ಮಂದಿರಿಗೆ ಸುದ್ದಿ ಮುಟ್ಟಿಸುವವರು. ಎಲ್ಲವೂ ಬಿಟ್ಟಿ ಚಾಕರಿ, ಮನಸ್ಸಿದ್ದರೆ ಮಾಡುವಂಥದ್ದು. ಒಬ್ಬೊಬ್ಬರದೇ ಮನಸ್ಸು ಕರಗಿತು. ಒಬ್ಬರಿಗೆ ವರ್ಗವಾಯಿತು, ಒಬ್ಬರಿಗೆ ಬೆನ್ನುನೋವು ಬಂತು, ಇನ್ನೊಬ್ಬರು ನೆಪ ಹುಡುಕುವ ಗೋಜಿಗೂ ಹೋಗಲಿಲ್ಲ. ಅವರು ಕೆಳಗಿಟ್ಟ ಒಂದೊಂದು ಹೊರೆಯೂ ಇವಳ ತಲೆಗೇರಿತು. ಒದ್ದೆ ಡೇರೆಗಳು ನಮ್ಮ ಮಹಡಿಯ ಮೇಲೆ ಒಣಗತೊಡಗಿದವು. "ನಮ್ಮನೇಲಿ ಮಲಗೋಕೆ ಜಾಗ ಇಲ್ಲ, ಡೇರೆಗೇನೂ ಕಮ್ಮಿ ಇಲ್ಲ" ಎಂದು ಮೈದುನ ನಗುತ್ತಿದ್ದ. ನಾನೂ ನಗುತ್ತಿದ್ದೆ.

ಕೊನೆಗೆ ಉಳಿದಿದ್ದವರು ನಿವೃತ್ತ ಪೋಸ್ಟ್‌ಮ್ಯಾನ್ ಒಬ್ಬರೇ. ಚಳಿಗಾಲದಲ್ಲಿ ಅವರು ಹಾಸಿಗೆ ಹಿಡಿದರು. ಮೇಲಿನ ಕಚೇರಿಯ ನಿಯಮ ಖಡಾಖಂಡಿತ: ಮಕ್ಕಳ ಜೊತೆ ಇಬ್ಬರು ದೊಡ್ಡವರು ಇರಲೇಬೇಕು, ಒಂದೇ ಮನೆಯವರಾಗಿರಕೂಡದು. ಅಲ್ಲಿಗೆ ನಾನು, ಮೈದುನ ಇಬ್ಬರೂ ಬಾದ್. ತಪಾಸಣೆಯ ಭಾನುವಾರದೊಳಗೆ ಎರಡನೆಯವರು ಸಿಗದಿದ್ದರೆ ದಳಕ್ಕೆ ಬೀಗ ಎಂದು ಅಧಿಕಾರಿ ಫೋನಿನಲ್ಲಿ ಹೇಳಿದರು.

ಇವಳು ಕೇಳದವರಿಲ್ಲ. ಮಕ್ಕಳನ್ನು ಬಿಡಲು ಬಂದ ಅಪ್ಪ ಅಮ್ಮಂದಿರನ್ನು ಗೇಟಿನಲ್ಲೇ ತಡೆದು ಕೇಳಿದಳು. ಎಲ್ಲರ ಬಾಯಲ್ಲೂ "ನೋಡೋಣ." ನೋಡೋಣ ಎಂದರೆ ನಮ್ಮಲ್ಲಿ ಆಗುವುದಿಲ್ಲ ಎಂದರ್ಥ. ಬಾಯಿಬಿಟ್ಟು ಇಲ್ಲ ಎಂದು ಯಾರನ್ನೂ ನೋಯಿಸಲಾರದಷ್ಟು ಒಳ್ಳೆಯ ಜನ ನಾವು. ಇವಳೋ, ನೋಡೋಣ ಎಂದವರೆಲ್ಲ ನಿಜವಾಗಿಯೂ ಮನೆಗೆ ಹೋಗಿ ನೋಡುತ್ತಿದ್ದಾರೆ ಎಂದುಕೊಂಡು ಕಾಯುತ್ತಿದ್ದಳು.

ಒಂದು ದಿನ ಚಪ್ಪಲಿಯನ್ನೂ ಬಿಡದೆ ಅಡುಗೆಮನೆಗೆ ನುಗ್ಗಿದಳು.

"ಅಕ್ಕಾ, ಸಿಕ್ಕಿದ್ರು!"

"ಯಾರೇ?"

"ಲಿಫ್ಟ್ ರಿಪೇರಿಯವರು. ಅವ್ರ ಮಗಳು ನಮ್ ದಳದಲ್ಲೇ ಇದಾಳಲ್ಲ. ಭಾನುವಾರ ಬಂದು ನನ್ ಜೊತೆ ನಿಲ್ತೀರಾ ಅಂತ ಕೇಳ್ದೆ. ಬರ್ತೀನಿ ಅಂದ್ರು!"

ನಾನು ಒಲೆ ಸಣ್ಣ ಮಾಡಿದೆ. "ಬರ್ತೀನಿ ಅಂದಾಗ ಏನ್ ಮಾಡ್ತಿದ್ದ?"

"ಹೆಲ್ಮೆಟ್ ಹಾಕ್ಕೋತಿದ್ರು. ಗಾಡಿ ಸ್ಟಾರ್ಟ್ ಆಗಿತ್ತು."

"ಲೇ, ಅದು ಹೊರಡೋ ಬರ್ತೀನಿ ಕಣೇ."

ಹೊರಟವರು ಹೋಗ್ತೀನಿ ಎನ್ನುವುದುಂಟೇ? ಬರ್ತೀನಿ ಎಂದೇ ಎಲ್ಲರೂ ಹೋಗುವುದು. ತೊಟ್ಟಿಲ ಕೂಸಿಗೂ ಗೊತ್ತಿರುವ ಮಾತು ಇವಳಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಆ ಹೊತ್ತಿಗೆ ಅವಳಿಗೆ ಬೇರೆ ಅರ್ಥ ಬೇಕಾಗಿತ್ತು.

"ಇಲ್ಲ ಅಕ್ಕ, ತಲೆನೂ ಆಡಿಸಿದ್ರು."

ಹೆಲ್ಮೆಟ್ಟಿಗೆ ತಲೆ ತೂರಿಸುವಾಗ ಯಾರ ತಲೆ ಆಡುವುದಿಲ್ಲ? ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಇನ್ನೊಂದು ಸಲ ಫೋನ್ ಮಾಡಿ ಕೇಳು ಎಂದೆ. "ಬೇಡ, ನಂಬಿಕೆ ಇಲ್ಲ ಅಂದ್ಕೊಂಡಾರು" ಎಂದಳು. ಅಷ್ಟೇ ಅಲ್ಲ, ಎರಡನೆಯವರು ಸಿಕ್ಕರೆಂದು ಕಚೇರಿಗೂ ತಿಳಿಸಿಬಿಟ್ಟಿದ್ದಳು. ಆಮೇಲೆ ಬೇರೆ ಯಾರನ್ನೂ ಕೇಳಲೂ ಇಲ್ಲ.

ಆ ಭಾನುವಾರ ಮನಸ್ಸು ತಡೆಯದೆ ನಾನೂ ಹೋದೆ. ಶೆಡ್ಡಿನ ನೆಲ ಒರೆಸಿ, ಹಗ್ಗಗಳನ್ನು ಸುರುಳಿ ಸುತ್ತಿ ಗೂಟಕ್ಕೆ ನೇತುಹಾಕಿದ್ದಳು. ಮಕ್ಕಳು ಸಾಲಾಗಿ ನಿಂತಿದ್ದರು. ತಪಾಸಣೆಗೆ ಬಂದ ಅಧಿಕಾರಿ ವಯಸ್ಸಾದ ಹೆಂಗಸು, ಒಳ್ಳೆಯವರೇ. ಮಕ್ಕಳಿಗೆಲ್ಲ ಸ್ಕೌಟಿನ ಪದ್ಧತಿಯಂತೆ ಎಡಗೈ ಕೊಟ್ಟು ಕುಲುಕಿ, "ಇನ್ನೊಬ್ಬರು ಎಲ್ಲಮ್ಮ?" ಎಂದರು.

"ಬರ್ತಾರೆ ಮೇಡಂ, ದಾರೀಲಿರ್ತಾರೆ."

ಬೀದಿಯಲ್ಲಿ ಒಂದೊಂದು ಗಾಡಿ ಸದ್ದು ಮಾಡಿದಾಗಲೂ ಇವಳ ಕತ್ತು ಗೇಟಿನ ಕಡೆ ತಿರುಗುತ್ತಿತ್ತು. ಕೊನೆಗೆ ಅವನ ಗಾಡಿಯೇ ಬಂತು. ಇವಳ ಮುಖ ಅರಳಿದ್ದನ್ನು ನಾನು ಸಾಯುವವರೆಗೆ ಮರೆಯಲಾರೆ. ಅವನು ಇಂಜಿನ್ ಆರಿಸದೆ ಮಗಳನ್ನು ಇಳಿಸಿದ. "ಲೇಟಾಯ್ತು, ಸಾರಿ. ಬರ್ತೀನಿ ಕ್ಯಾಪ್ಟನ್!" ಎಂದು ಕೈ ಬೀಸಿ, ಗಾಡಿ ತಿರುಗಿಸಿ ಹೋದ. ಪಾಪ, ಅವನ ಮುಖದಲ್ಲಿ ಕಪಟವೇ ಇರಲಿಲ್ಲ. ಇವಳು ಕೇಳಿದ್ದು ಆ ಇಂಜಿನ್ ಸದ್ದಿನಲ್ಲಿ ಅವನ ಕಿವಿಗೇ ಬಿದ್ದಿರಲಿಲ್ಲವೋ ಏನೋ.

"ಇವರೇನಾ?" ಎಂದು ಅಧಿಕಾರಿ ಮೆಲ್ಲಗೆ ಕೇಳಿದರು.

"ಅಲ್ಲ ಮೇಡಂ."

ಅಧಿಕಾರಿ ತಾವೇ ಗೇಟಿಗೆ ನಡೆದು ಅಲ್ಲಿದ್ದ ಅಪ್ಪ ಅಮ್ಮಂದಿರಿಗೆ ವಿಷಯ ಬಿಡಿಸಿ ಹೇಳಿದರು. ಒಬ್ಬರಾದರೂ ಮುಂದೆ ಬನ್ನಿ, ಇಲ್ಲದಿದ್ದರೆ ಇವತ್ತಿಗೆ ಮುಗಿಯಿತು ಎಂದರು. ಒಬ್ಬನಿಗೆ ಫೋನ್ ಬಂತು. ಒಬ್ಬಳು ಗಂಡನ ಮುಖ ನೋಡಿದಳು, ಗಂಡ ಗಾಡಿಯ ಟೈರು ನೋಡಿದ. ಹಿಂದಿನಿಂದ ಯಾರೋ "ನೋಡೋಣ ಮೇಡಂ" ಎಂದರು. ನನಗೆ ನಾಲ್ಕು ಬಿಗಿಯೋಣ ಅನ್ನಿಸಿತು. "ನನ್ ಕೈಲೇನೂ ಇಲ್ಲಮ್ಮ" ಎಂದು ಅಧಿಕಾರಿ ಇವಳ ಭುಜ ತಟ್ಟಿ ಹೊರಟುಹೋದರು. ಇವಳು ಸೀಟಿಯನ್ನು ಬಾಯಿಗಿಟ್ಟಳು. ಊದಲಾಗಲಿಲ್ಲ. ಮಕ್ಕಳು ಸಾಲು ಕದಲದೆ ಅಪ್ಪಣೆಗೆ ಕಾಯುತ್ತಲೇ ನಿಂತಿದ್ದರು.

ಮಾರನೆಯ ವಾರ ಟೆಂಪೋ ಬಂತು. ಡೇರೆ, ಪಾತ್ರೆ, ಹಗ್ಗ ಎಲ್ಲವೂ ನಗರದ ಆಚೆ ತುದಿಯ ಇನ್ನೊಂದು ದಳಕ್ಕೆ ಹೋದವು. ನಮ್ಮ ಮಕ್ಕಳೂ ಅಲ್ಲಿಗೆ ಸೇರಬಹುದಂತೆ. ಅಷ್ಟು ದೂರ ಯಾರು ಕರೆದುಕೊಂಡು ಹೋಗುತ್ತಾರೆ? ಯಾರೂ ಇಲ್ಲ. ಇವಳು ಮತ್ತೆ ಕಿಂಡಿಯ ಹಿಂದೆ ಕೂತಳು. ಭಾನುವಾರವೂ ಓವರ್‌ಟೈಮ್ ಸಿಗುತ್ತದಾ ಎಂದು ಮಾಲೀಕರನ್ನು ಕೇಳಿದಳಂತೆ.

ಮೊನ್ನೆ ಭಾನುವಾರ ಬೆಳಗ್ಗೆ ಅವಳ ಫೋನ್ ಹೊಡೆದುಕೊಂಡಿತು. ದಳದ ಹುಡುಗಿಯೊಬ್ಬಳ ತಾಯಿ. ಅಲ್ಲೇ ಕೂತಿದ್ದ ನನಗೂ ಮಾತು ಸ್ಪಷ್ಟವಾಗಿ ಕೇಳಿಸಿತು.

"ಏನ್ ಕ್ಯಾಪ್ಟನ್, ಶೆಡ್ಡಿಗೆ ಬೀಗ ಹಾಕಿದೆ? ನಾವು ಹೊರಗಡೆ ಹೋಗ್ಬೇಕಿತ್ತು, ಮಗೂನ ಬಿಡೋಣ ಅಂತ ಬಂದ್ರೆ…"

"ದಳ ಮುಚ್ಚಿಹೋಯ್ತಮ್ಮ. ಇನ್ನೊಬ್ಬರು ಸಿಗ್ಲಿಲ್ಲ."

"ಅಯ್ಯಯ್ಯೋ! ಒಂದ್ ಮಾತು ಹೇಳೋದಲ್ವಾ ನೀವು? ಯಾರಾದ್ರೂ ಬರ್ತಿದ್ರು."

ಈ ಮಹಾತಾಯಿ ಅವತ್ತು ಗೇಟಿನಲ್ಲಿ ಗಂಡನ ಮುಖ ನೋಡಿದವಳೇ. ಫೋನ್ ಕಸಿದುಕೊಂಡು ಸರಿಯಾಗಿ ಜಾಡಿಸಬೇಕೆಂದು ನಾನು ಕೈ ಚಾಚಿದೆ. ಅಷ್ಟರಲ್ಲಿ ಇವಳು ತಣ್ಣಗೆ, "ಹೌದಮ್ಮ, ತಪ್ಪಾಯ್ತು" ಎಂದು ಫೋನ್ ಇಟ್ಟಳು.

"ನಿಂದೇನೇ ತಪ್ಪು?" ಎಂದು ನಾನು ಕಿರುಚಿದೆ.

ಅವಳು ನನ್ನನ್ನು ನೋಡಿದಳು. ಕಣ್ಣಲ್ಲಿ ನೀರಿರಲಿಲ್ಲ, ಕೋಪವೂ ಇರಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾದದ್ದು.

"ನಂಗೆ ಕೇಳೋಕೇ ಬರಲ್ಲ ಅನ್ಸತ್ತೆ ಅಕ್ಕ. ಬೇರೆಯವರು ಕೇಳಿದ್ರೆ ಬರ್ತಿದ್ರೇನೋ."

ಅಷ್ಟು ಹೇಳಿ ಚೀಲ ತೆಗೆದುಕೊಂಡು ಗಾಜು ಉಜ್ಜಲು ಹೊರಟಳು.