ನೈಸರ್ಗಿಕ ಮೂಲದ ಗರ್ಜನೆ

ಗರ್ಜಣ್ಣ ಮಾತಾಡಿದರೆ ಪಕ್ಕದಲ್ಲಿ ಕೂತವರಿಗೂ ಕೇಳಿಸುತ್ತಿರಲಿಲ್ಲ. ಬಸ್ಸಿನಲ್ಲಿ ಇಳಿಯುವುದಿದೆ ಎಂದು ಹೇಳಿ, ಅದು ಯಾರ ಕಿವಿಗೂ ಬೀಳದೆ, ಮುಂದಿನ ಸ್ಟಾಪಿನಲ್ಲಿ ಇಳಿದು ಹಿಂದಕ್ಕೆ ನಡೆದು ಬರುವ ಆಸಾಮಿ. ಬಾಯಲ್ಲಿರುವುದನ್ನು ಉಗುಳಿ ಮಾತಾಡಿ ಎಂದು ಹೆಂಡತಿ ಮದುವೆಯ ಹೊಸದರಲ್ಲೇ ಗದರಿದ್ದಳು. ಆಮೇಲೆ ಗಂಡನ ತುಟಿ ನೋಡಿ ಅರ್ಥ ಮಾಡಿಕೊಳ್ಳುವುದನ್ನು ಕಲಿತಳು. ಇಂಥ ಮನುಷ್ಯನಿಗೆ ಗರ್ಜಣ್ಣ ಎಂಬ ಹೆಸರು ಯಾಕೆ ಬಂತೆಂದರೆ, ಅವನು ದಿನಾ ಸಂಜೆ ಒಂದು ಸಲ ಸಿಂಹದ ಹಾಗೆ ಗರ್ಜಿಸುತ್ತಿದ್ದ. ನಗಬೇಡಿ, ಅದು ಅವನ ಹೊಟ್ಟೆಪಾಡಿನ ಭಾಗವೇ ಆಗಿತ್ತು.

ಊರ ನಡುವಿನ ವನ್ಯಜೀವಿ ಉದ್ಯಾನದಲ್ಲಿ ಸಿಂಹದ ಮನೆ ನೋಡಿಕೊಳ್ಳುವುದು ಅವನ ಕೆಲಸ. ಉದ್ಯಾನ ಎಂಬುದು ಹೆಸರಿಗೆ ಮಾತ್ರ. ಒಂದು ಕಡೆ ಬಸ್ ನಿಲ್ದಾಣ, ಇನ್ನೊಂದು ಕಡೆ ಆಸ್ಪತ್ರೆ, ಹಿಂಬದಿಗೆ ಪಂಕ್ಚರ್ ಅಂಗಡಿಗಳು. ಸಿಂಹದ ಮನೆಯಲ್ಲಿ ಉಳಿದಿದ್ದುದು ಒಂದು ಮುದಿ ಹೆಣ್ಣು ಸಿಂಹ. ಎಲ್ಲರೂ ಅವಳನ್ನು ಮುದುಕಿ ಎನ್ನುತ್ತಿದ್ದರು. ಜೊತೆಯ ಗಂಡು ಸತ್ತ ಮೇಲೆ ಮುದುಕಿ ಊಟ ಬಿಟ್ಟಳು. ಹಾಕಿದ ಮಾಂಸಕ್ಕೆ ನೊಣ ಮುತ್ತಿತು. ಡಾಕ್ಟರು ಸೂಜಿ ಚುಚ್ಚಿದರು, ಟಾನಿಕ್ ಕುಡಿಸಲು ಹೋಗಿ ಪೈಪು ಕಳೆದುಕೊಂಡರು, ಕೊನೆಗೆ ಕೈ ಚೆಲ್ಲಿದರು. ಅವತ್ತು ಸಂಜೆ ಗರ್ಜಣ್ಣ ಬೋನಿನ ಹಿಂದಿನ ಓಣಿಗೆ ಹೋದ. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಖಾಲಿ ತಗಡಿನ ಬಕೆಟ್ಟಿನೊಳಗೆ ಮುಖವಿಟ್ಟು, ಸತ್ತ ಗಂಡು ಕೂಗುತ್ತಿದ್ದ ಹಾಗೆಯೇ ಕೂಗಿದ. ಮುದುಕಿ ಕಿವಿ ನಿಮಿರಿಸಿದಳು, ಎದ್ದಳು, ಓಗೊಟ್ಟಳು, ಬಂದು ತಿಂದಳು. ಅಂದಿನಿಂದ ಅದೇ ರೂಢಿಯಾಯಿತು. ಅವನು ಕೂಗದಿದ್ದರೆ ಅವಳು ಉಣ್ಣುತ್ತಿರಲಿಲ್ಲ.

ಹೆಂಡತಿಗೆ ಬಸ್ ನಿಲ್ದಾಣದ ಮೂಲೆಯಲ್ಲಿ ಹೊಲಿಗೆ ಅಂಗಡಿ. ಮಿಷನ್ನಿನ ಸದ್ದಿನ ಮೇಲೆ ಮಾತಾಡಿ ಮಾತಾಡಿ ಅವಳ ದನಿ ರಸ್ತೆಯಾಚೆಗೂ ಹೋಗುತ್ತಿತ್ತು. ಮುದುಕಿಯನ್ನು ಅವಳು ಕರೆಯುತ್ತಿದ್ದುದು ಸವತಿ ಎಂದು. "ದಿನಾ ಸಂಜೆ ಆ ಸವತೀನ ಅಷ್ಟು ದೊಡ್ಡದಾಗಿ ಕರೀತೀರಲ್ಲ, ನನ್ನನ್ನ ಒಂದು ದಿನ ಹಾಗೆ ಕರ್ದಿದೀರಾ?" ಎಂದು ಮೂಗು ಮುರಿಯುತ್ತಿದ್ದಳು. ಹಾಗೆ ಅಂದವಳೇ ಬಕೆಟ್ಟಿನ ಅಂಚು ಅವನ ಕೆನ್ನೆಗೆ ಒತ್ತದಿರಲೆಂದು ಹಳೇ ಪ್ಯಾಂಟಿನ ಬಟ್ಟೆ ಸುತ್ತಿ ಹೊಲಿದು ಕೊಟ್ಟಿದ್ದಳು.

ಗರ್ಜಣ್ಣನಿಗಿದ್ದ ಚಿಂತೆ ಒಂದೇ, ಮುದುಕಿಯ ಕಾಲು. ಹುಟ್ಟಿದಂದಿನಿಂದ ಸಿಮೆಂಟಿನ ಮೇಲೆ ನಡೆದು ಅವಳ ಅಂಗಾಲು ಸೀಳಿತ್ತು. ಮುಲಾಮು ಹಚ್ಚಿದರೆ ನೆಕ್ಕಿಬಿಡುತ್ತಿದ್ದಳು. ಸಾಯುವುದರೊಳಗೆ ಒಂದು ಸಲ ಅವಳು ಮಣ್ಣಿನ ಮೇಲೆ ಕಾಲಿಡಬೇಕು ಎಂಬುದು ಅವನ ಆಸೆ. ಇದನ್ನು ಒಮ್ಮೆ ಧೈರ್ಯ ಮಾಡಿ ಮೇಲಧಿಕಾರಿಗೆ ಹೇಳಿದ್ದ. ಅವನ ದನಿಯಲ್ಲಿ ಅವರಿಗೆ ಕೇಳಿಸಿದ್ದು ಮುದುಕಿ, ಮಣ್ಣು ಎಂಬ ಎರಡೇ ಮಾತು. ಅವರು ಟೋಪಿ ತೆಗೆದು, ಛೇ, ಯಾವಾಗ ಹೋದಳು ಎಂದು ಕೇಳಿ, ಆ ದಿನ ಉದ್ಯಾನಕ್ಕೆ ರಜೆ ಕೊಟ್ಟುಬಿಟ್ಟರು.

ಹೀಗಿರುವಾಗ ಉದ್ಯಾನವನ್ನು ಊರಾಚೆಯ ಸರ್ಕಾರಿ ಕಾಡಿಗೆ ಸ್ಥಳಾಂತರಿಸುವ ಸುದ್ದಿ ಬಂತು. ಗರ್ಜಣ್ಣನಿಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಆದರೆ ಅದಕ್ಕೆ ಮೊದಲು ಪರಿಸರ ಪರಿಶೀಲನೆ ಆಗಬೇಕಿತ್ತು. ಉದ್ಯಾನದ ಪ್ರಾಣಿಗಳ ಸದ್ದಿನಿಂದ ಕಾಡಿನ ಹಕ್ಕಿಗಳಿಗೆ ತೊಂದರೆಯೇ ಎಂದು ಅಳೆಯಲು ಶಬ್ದ ತಜ್ಞೆಯೊಬ್ಬರು ಬಂದರು. ಒಪ್ಪಿಗೆ ಸಿಗುವ ತನಕ ಸಿಂಹವನ್ನು ಕಾಡಿಗೆ ಒಯ್ಯುವಂತಿಲ್ಲ. ಸಿಂಹವಿಲ್ಲದೆ ಸದ್ದು ಅಳೆಯುವಂತಿಲ್ಲ. ಸದ್ದು ಅಳೆಯದೆ ಒಪ್ಪಿಗೆ ಇಲ್ಲ. ಧ್ವನಿವರ್ಧಕದಲ್ಲಿ ಕೇಳಿಸೋಣವೆಂದರೆ, ಸದ್ದು ನೈಸರ್ಗಿಕ ಮೂಲದ್ದಾಗಿರಬೇಕು ಎಂದು ನಿಯಮ. ತಜ್ಞೆ ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ಓಣಿಯಿಂದ ಸಂಜೆಯ ಗರ್ಜನೆ ಕೇಳಿಸಿತು. ಹೋಗಿ ನೋಡಿದರೆ ಬಕೆಟ್ಟು ಹಿಡಿದ ಮನುಷ್ಯ. ಮನುಷ್ಯ ನೈಸರ್ಗಿಕ ಮೂಲವೇ ಹೌದು ಎಂದು ಆಕೆಯ ತಂಡದ ಸಭೆ ಒಪ್ಪಿತು. ಬಕೆಟ್ಟಿನ ವಿಷಯದಲ್ಲಿ ಮಾತ್ರ ಭಿನ್ನಾಭಿಪ್ರಾಯ ಬಂದು, ಚಹಾ ಎರಡು ಸಲ ತರಿಸಿ, ಕೊನೆಗೆ ಅದನ್ನು ಸಹಾಯಕ ಸಲಕರಣೆ ಎಂದು ಪರಿಗಣಿಸಲಾಯಿತು.

ಗರ್ಜಣ್ಣ ಕೆಲವು ವಾರ ಮಧ್ಯಾಹ್ನ ಜೀಪಿನಲ್ಲಿ ಕಾಡಿಗೆ ಹೋಗಿ ಗುಡ್ಡದ ಮೇಲೆ, ಹಳ್ಳದ ಬದಿಯಲ್ಲಿ, ಅವರು ಹೇಳಿದಲ್ಲೆಲ್ಲ ಗಂಟಲು ಹರಿದುಕೊಂಡು ಕೂಗಿದ. ಸಂಜೆಗೆ ಓಡಿ ಬಂದು ಮುದುಕಿಗೂ ಕೂಗಿದ. ಕಾಡಿನ ಮಣ್ಣು ಮೆತ್ತಗಿತ್ತು. ಚಪ್ಪಲಿ ಬಿಟ್ಟು ತುಳಿದು ನೋಡಿದಾಗ ಸಂತೋಷದಿಂದ ಅವನ ಕಣ್ಣು ತುಂಬಿತು. ಹಕ್ಕಿಗಳಿಗೆ ಏನೂ ತೊಂದರೆಯಿಲ್ಲ ಎಂದು ತಜ್ಞೆ ಬರೆದುಕೊಂಡರು.

ಆದರೆ ಅದೇ ಕಾಡಿನಲ್ಲಿ, ಅದೇ ಹೊತ್ತಿನಲ್ಲಿ, ಅದೇ ಪರಿಶೀಲನೆಗಾಗಿ ಇನ್ನೊಂದು ತಂಡ ಕೆಲಸ ಮಾಡುತ್ತಿತ್ತು. ಅಲ್ಲಿ ಯಾವ ಯಾವ ಪ್ರಾಣಿಗಳಿವೆ ಎಂದು ತಿಳಿಯಲು ಅವರು ಮರಗಳಿಗೆ ರೆಕಾರ್ಡರ್ ಕಟ್ಟಿದ್ದರು. ಎರಡು ತಂಡಗಳಿಗೂ ಮಾತುಕತೆ ಇರಲಿಲ್ಲ. ಯಾವುದೋ ಹಳೇ ಕುರ್ಚಿ ಜಗಳ. ಈ ತಂಡದ ಮುಖ್ಯಸ್ಥರಾದ ಪ್ರಾಣಿ ತಜ್ಞರು ರೆಕಾರ್ಡರ್ ಕೇಳಿ ಕುರ್ಚಿಯಿಂದ ಎದ್ದೇಬಿಟ್ಟರು. ಕಾಡಿನಲ್ಲಿ ಸಿಂಹವಿದೆ! ಅಜ್ಜನ ಕಾಲದಲ್ಲೂ ಯಾರೂ ಅಲ್ಲಿ ಸಿಂಹ ಕಂಡಿದ್ದಿಲ್ಲ. ಪ್ರಾಯದ ಗಂಡು, ಒಂಟಿ, ಮಧ್ಯಾಹ್ನದ ಹೊತ್ತು ಕೂಗುವ ವಿಚಿತ್ರ ಸ್ವಭಾವದ್ದು ಎಂದು ಅವರು ವರದಿ ಕೊಟ್ಟರು. ಕೆಲಸ ಅಲ್ಲಿಗೇ ನಿಂತಿತು. ವನ್ಯಜೀವಿ ಇರುವ ಜಾಗದಲ್ಲಿ ವನ್ಯಜೀವಿ ಉದ್ಯಾನ ಕಟ್ಟುವಂತಿಲ್ಲ ಎಂದು ಆದೇಶವಾಯಿತು.

ಮುದುಕಿಗೆ ಸಿಗಬೇಕಾದ ಮಣ್ಣನ್ನು ತಾನೇ ಕೈಯಾರೆ ತಪ್ಪಿಸಿದೆನಲ್ಲ ಎಂದು ಗರ್ಜಣ್ಣನಿಗೆ ಅನ್ನ ಸೇರದಾಯಿತು. ಶಬ್ದ ತಜ್ಞೆಯ ಬಳಿಗೆ ಓಡಿದ. ಪಾಪ, ಆಕೆಗೂ ಸಂಕಟವೇ. ಪರಿಶೀಲನೆ ಮುಗಿಯುವವರೆಗೆ ತಮ್ಮ ಅಳತೆಯ ವಿಷಯ ಬಾಯಿ ಬಿಡುವಂತಿಲ್ಲ ಎಂದು ಆಕೆಯ ತಂಡದವರೆಲ್ಲ ಸಹಿ ಮಾಡಿದ್ದರು, ಕಾಡಿನಿಂದ ಆ ಸಿಂಹ ಹೋಗುವವರೆಗೆ ಪರಿಶೀಲನೆ ಮುಗಿಯುವಂತಿರಲಿಲ್ಲ. ಸಾರ್ವಜನಿಕ ವಿಚಾರಣೆಗೆ ನೀವೇ ಬಂದು ಹೇಳಿ ಎಂದು ಅವನ ಕೈಗೆ ಒಂದು ಪೆಪ್ಪರಮಿಂಟು ಕೊಟ್ಟು ಕಳಿಸಿದರು.

ವಿಚಾರಣೆಯ ದಿನ ಸಭಾಂಗಣ ತುಂಬಿತ್ತು. ಸಿಂಹ ಕಂಡೆ ಎನ್ನುವವರು ಸಾಲಾಗಿ ನಿಂತಿದ್ದರು. ಒಬ್ಬರ ಸ್ಕೂಟರನ್ನು ಅಡ್ಡಗಟ್ಟಿತ್ತಂತೆ, ಇನ್ನೊಬ್ಬರ ಮಾವನನ್ನು ನೋಡಿ ಮುಖ ತಿರುಗಿಸಿ ಹೋಗಿತ್ತಂತೆ. ಗರ್ಜಣ್ಣ ಮೈಕಿನ ಮುಂದೆ ನಿಂತು ಹೇಳಿದ್ದು ಮೈಕಿಗೂ ಕೇಳಿಸಲಿಲ್ಲ. ಕೊನೆಗೆ ಹೆಂಡತಿ ಹಿಂದಿನ ಸಾಲಿನಿಂದ ಅವನ ತುಟಿ ನೋಡಿ ಗಟ್ಟಿಯಾಗಿ ಹೇಳಿದಳು. "ಕಾಡಲ್ಲಿ ಸಿಂಹ ಇಲ್ಲ ಸ್ವಾಮಿ. ಆ ಸಿಂಹ ಇವರೇ."

ಸಭೆ ಗೊಳ್ಳೆಂದು ನಕ್ಕಿತು. ಹಾಗಾದರೆ ಕೂಗಿ ತೋರಿಸಲಿ ಎಂದರು ಅಧ್ಯಕ್ಷರು. ಗರ್ಜಣ್ಣ ಕಣ್ಣು ಮುಚ್ಚಿ ಮುದುಕಿಯನ್ನು ನೆನೆದು, ಮನೆಯಿಂದ ಹೊತ್ತು ತಂದಿದ್ದ ಬಕೆಟ್ಟಿಗೆ ಮುಖವಿಟ್ಟು ಕೂಗಿದ. ಕಿಟಕಿಯ ಗಾಜು ಅದುರಿತು. ಅಧ್ಯಕ್ಷರ ಚಹಾ ಕಡತದ ಮೇಲೆ ಚೆಲ್ಲಿತು. ಪ್ರಾಣಿ ತಜ್ಞರು ಮಾತ್ರ ತಮ್ಮ ಯಂತ್ರದಲ್ಲಿ ಎರಡೂ ದನಿಗಳನ್ನು ಹೋಲಿಸಿ, ಕನ್ನಡಕ ಒರೆಸಿಕೊಂಡು ಎದ್ದು ನಿಂತರು.

"ಬಹಳ ಹತ್ತಿರ ಇದೆ. ಇಷ್ಟು ಚೆನ್ನಾಗಿ ಅನುಕರಣೆ ಮಾಡ್ಬೇಕಾದ್ರೆ ಇವರು ಆ ಸಿಂಹ ಕೂಗೋದನ್ನ ಪಕ್ಕದಲ್ಲೇ ನಿಂತು ಕೇಳಿರ್ಬೇಕು. ಸಿಂಹ ಇದೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ಬೇಕಾ?"

ಚಪ್ಪಾಳೆ ಬಿತ್ತು. ಗರ್ಜಣ್ಣನಿಗೆ ಸಾಕ್ಷಿದಾರರ ಭತ್ಯೆ ಕೊಟ್ಟು, ಊಟದ ಕೂಪನ್ನೂ ಕೊಟ್ಟರು. ಅವನು ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿದ. ಹೆಂಡತಿ ಕೂಪನ್ನನ್ನು ಚೂರು ಚೂರು ಮಾಡಿ ಒಲೆಗೆ ಹಾಕಿದಳು.

ಆದರೆ ಸರ್ಕಾರದ ತಲೆ ಯಾವ ದಿಕ್ಕಿಗೆ ಓಡುತ್ತದೋ ಹೇಳಬಲ್ಲವರು ಯಾರು? ಸಂರಕ್ಷಣಾ ಸಮಿತಿ ಕೂತು ಯೋಚಿಸಿತು. ಕಾಡಿನ ಸಿಂಹ ಒಂಟಿ, ಅದಕ್ಕೆ ಜೊತೆಯಿಲ್ಲದಿದ್ದರೆ ಸಂತತಿ ಉಳಿಯುವುದು ಹೇಗೆ? ಊರಲ್ಲೇ ಒಂದು ಹೆಣ್ಣು ಸಿಂಹ ಇದೆಯಲ್ಲ! ಅವಳ ವಯಸ್ಸು ಯಾರೂ ಕೇಳಲಿಲ್ಲ. ಉದ್ಯಾನ ಇದ್ದಲ್ಲೇ ಇರಲಿ, ಹೆಣ್ಣು ಮಾತ್ರ ಕಾಡಿಗೆ ಹೋಗಲಿ ಎಂದು ಆಜ್ಞೆ ಹೊರಟಿತು. ಕಾಡಿನ ಅಂಚಿನಲ್ಲಿ ತಂತಿಬೇಲಿ ಕಟ್ಟಿ ಮುದುಕಿಯನ್ನು ಒಳಗೆ ಬಿಟ್ಟರು. ಗರ್ಜಣ್ಣನಿಗೆ ಕುಣಿಯಬೇಕೆನಿಸಿತು. ಬೀಗದ ಕೈ ಕೇಳಲು ಹೋದ. ಕಾಡು ಸಿಂಹ ಓಡಾಡುವ ಜಾಗಕ್ಕೆ ಮನುಷ್ಯರಿಗೆ ಪ್ರವೇಶವಿಲ್ಲ, ಇನ್ನು ನಿನಗೆ ಜಿಂಕೆ ವಿಭಾಗ ಎಂದರು. ಅವನು, ನಾನು ಕೂಗದಿದ್ದರೆ ಅವಳು ಉಣ್ಣುವುದಿಲ್ಲ ಎಂದ. ಇನ್ನು ಕೂಗುವುದಕ್ಕೆ ನಿಜವಾದ ಸಿಂಹವೇ ಇದೆಯಲ್ಲ ಎಂದರು.

ನಿಜವಾದ ಸಿಂಹ ಕೂಗುವುದೆಲ್ಲಿಂದ ಬಂತು! ದೂರದಿಂದ ಬೇಲಿಯೊಳಕ್ಕೆ ಮಾಂಸ ಎಸೆದು ಬರುವ ಜೀಪಿನ ಚಾಲಕ ಬಂದು, ಮುದುಕಿ ಹಾಕಿದ್ದನ್ನು ಮೂಸಿಯೂ ನೋಡುತ್ತಿಲ್ಲ, ಬೇಲಿಗೆ ಮುಖವಿಟ್ಟು ಊರ ಕಡೆ ನೋಡುತ್ತಾ ಮಲಗಿರುತ್ತಾಳೆ ಎಂದು ಹೇಳಿದ. ಪ್ರಾಣಿ ತಜ್ಞರನ್ನು ಕೇಳಿದರೆ, ಗಂಡಿಗೆ ಯಾಕೋ ಮುನಿಸು, ಸ್ವಲ್ಪ ಕಾಯೋಣ ಎನ್ನುತ್ತಾರಂತೆ. ಗರ್ಜಣ್ಣ ಆ ಸಂಜೆಯೇ ಬಕೆಟ್ಟು ಹಿಡಿದು ಹೊರಟ. ಹೆಂಡತಿ ಅಂಗಡಿ ಮುಚ್ಚಿ ಸ್ಕೂಟರ್ ತೆಗೆದಳು. ಕಾಡಿನ ಗಡಿಯ ಹೊರಗೆ ಡಾಂಬರು ರಸ್ತೆಗೊಂದು ಮೋರಿಕಟ್ಟೆ ಇತ್ತು, ಅಲ್ಲಿಗೆ ಬೇಲಿ ಕಾಣುತ್ತಿತ್ತು. ಅಲ್ಲಿ ಕೂತು ಕೂಗಿದ. ಮುದುಕಿ ತಲೆಯೆತ್ತಿದಳು. ಕಷ್ಟಪಟ್ಟು ಎದ್ದು ಓಗೊಟ್ಟಳು, ಹೋಗಿ ತಿಂದಳು. ತಿಂದ ಮೇಲೆ ಮಣ್ಣು ಕೆದರಿ, ಮೂತಿ ಒರೆಸಿಕೊಂಡು, ನಾಲ್ಕೂ ಕಾಲು ಮೇಲೆ ಮಾಡಿ ಮಣ್ಣಿನಲ್ಲಿ ಹೊರಳಾಡಿದಳು. ಗರ್ಜಣ್ಣ ಮರೆಮಾಚದೆ ಬಿಕ್ಕಿ ಬಿಕ್ಕಿ ಅತ್ತ.

ಅಲ್ಲಿಂದ ಮುಂದೆ ಅದೇ ಸಂಸಾರ. ಹಗಲು ಜಿಂಕೆ, ಸಂಜೆ ಮೋರಿಕಟ್ಟೆ. ಗಂಡು ಸಿಂಹದ ಆರೋಗ್ಯ ಉತ್ತಮವಾಗಿದೆ, ದಾಂಪತ್ಯ ಅನ್ಯೋನ್ಯವಾಗಿದೆ ಎಂದು ರೆಕಾರ್ಡರ್ ಕೇಳಿ ಬರೆದ ತಿಂಗಳ ವರದಿಗಳು ಬರುತ್ತಿದ್ದವು. ಜೀಪಿನ ಚಾಲಕ ತಂದು ಓದಿ ಹೇಳುತ್ತಿದ್ದ. ಹೆಂಡತಿ ಅದಕ್ಕೂ ಮೂಗು ಮುರಿಯುತ್ತಿದ್ದಳು.

ಚಳಿ ಹಿಡಿದ ದಿನಗಳಲ್ಲಿ ಗರ್ಜಣ್ಣನ ಗಂಟಲು ಬಾತು, ಇದ್ದ ಸಣ್ಣ ದನಿಯೂ ಹೋಯಿತು. ಬೇಡವೆಂದರೂ ಕೇಳದೆ ಮಫ್ಲರ್ ಸುತ್ತಿಕೊಂಡು ಹೋಗಿ ಕೂತ. ಬಕೆಟ್ಟಿನಲ್ಲಿ ಬರೀ ಗಾಳಿ ಸುಳಿಯಿತು. ಬೇಲಿಯಾಚೆ ಮಾಂಸ ಬಿದ್ದಿತ್ತು. ಮುದುಕಿ ಕಾದಳು. ಕೊನೆಗೆ ತಾನೇ ಮೊದಲಾಗಿ ಕೂಗಿದಳು. ಇಷ್ಟು ದಿನ ಅವಳು ಹಾಗೆ ಮೊದಲು ಕೂಗಿದ್ದೇ ಇಲ್ಲ. ಉತ್ತರವಿಲ್ಲ. ಮತ್ತೆ ಕೂಗಿದಳು, ಈ ಸಲ ದನಿ ನಡುಗುತ್ತಿತ್ತು. ಗರ್ಜಣ್ಣ ಹೆಂಡತಿಯ ಕಡೆ ತಿರುಗಿ ಏನೋ ಹೇಳಲು ಹೋದ, ತುಟಿ ಅಲುಗಿತೇ ಹೊರತು ಮಾತು ಮೂಡಲಿಲ್ಲ. ಅವಳಿಗೆ ಅರ್ಥವಾಯಿತು.

ಅವಳು ರಸ್ತೆಯ ಎರಡೂ ಕಡೆ ನೋಡಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಬಕೆಟ್ಟು ಕಿತ್ತುಕೊಂಡಳು, ಒಳಗೆ ಮುಖವಿಟ್ಟಳು. ಅವಳ ಹೊಟ್ಟೆಯಿಂದ ಹೊರಟ ಸದ್ದು ಸಿಂಹದ್ದೋ, ಹೊಲಿಗೆ ಮಿಷನ್ನಿನದ್ದೋ, ಇಷ್ಟು ವರ್ಷ ಗಂಡನ ಮೇಲಿದ್ದ ಸಿಟ್ಟಿನದ್ದೋ ಹೇಳಲಾರೆ. ಮರದ ಮೇಲಿನ ಹಕ್ಕಿಗಳೆಲ್ಲ ಎದ್ದು ಹಾರಿದವು. ಮುದುಕಿ ಕಿವಿ ಹಿಂದಕ್ಕೆ ಮಾಡಿ ಬಹಳ ಹೊತ್ತು ನೋಡಿದಳು. ಆಮೇಲೆ ಮೆಲ್ಲಗೆ ಓಗೊಟ್ಟು, ಹೋಗಿ ತಿಂದಳು.

ಕಾಡಿಗೆ ಎರಡನೆಯ ಸಿಂಹ ಬಂದಿದೆ, ಮೊದಲನೆಯದಕ್ಕಿಂತ ಉಗ್ರ ಸ್ವಭಾವದ್ದು, ಈಗ ಕಾಡಿನ ಯಜಮಾನಿಕೆ ಅದರದೇ ಇರಬಹುದು ಎಂದಿತು ಮುಂದಿನ ವರದಿ. ಗರ್ಜಣ್ಣನ ಗಂಟಲು ಅಷ್ಟರಲ್ಲಿ ಸರಿಹೋಗಿತ್ತು. ಅಂಗಡಿಯಲ್ಲಿ ಜೀಪಿನ ಚಾಲಕ ಅದನ್ನು ಓದಿದಾಗ ಅವನು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಹೆಂಡತಿ ನಗಲಿಲ್ಲ. ಹೊಲಿಯುತ್ತಿದ್ದ ಪ್ಯಾಂಟು ಪಕ್ಕಕ್ಕಿಟ್ಟು, ದಾರ ಹಲ್ಲಲ್ಲಿ ಕಡಿದು, ಹೊರಗೆ ಬಿಸಿಲು ಇಳಿದಿದ್ದನ್ನು ನೋಡಿ ಸ್ಕೂಟರಿನ ಕೀಲಿಕೈ ತೆಗೆದುಕೊಂಡಳು.

"ನಡೀರಿ," ಎಂದಳು, "ಸವತಿ ಕಾಯ್ತಿರ್ತಾಳೆ."