ಒಂದು ದಿನ ಮುಂದಿದ್ದ ಸುದ್ದಿ

ಪತ್ರಿಕೆಯಲ್ಲಿ ಕಾರ್ಮಿಕರ ಸುದ್ದಿ ಬರೆಯುತ್ತಿದ್ದ ಆ ಮಹಾಶಯನಿಗೆ ಕಚೇರಿಯವರೇ ಇಟ್ಟ ಹೆಸರು ಬಲ್ಲಮೂಲ. ‘ಬಲ್ಲ ಮೂಲಗಳ ಪ್ರಕಾರ’ ಎನ್ನದೆ ಅವನ ಯಾವ ವರದಿಯೂ ಶುರುವಾಗುತ್ತಿರಲಿಲ್ಲ. ಆ ಮೂಲ ಯಾವುದೆಂದು ಎಲ್ಲರಿಗೂ ಗೊತ್ತಿತ್ತು: ನೂಲಿನ ಗಿರಣಿಯ ಮ್ಯಾನೇಜರನ ಕೋಣೆ, ಅಲ್ಲಿನ ಮೆತ್ತನೆಯ ಸೋಫಾ, ಬಿಸ್ಕತ್ತಿನ ತಟ್ಟೆ. ಗೇಟಿನ ಹೊರಗೆ ಬಿಸಿಲಲ್ಲಿ ಕೂತವರ ಹತ್ತಿರ ಅವನು ಸುಳಿಯುತ್ತಿದ್ದುದು ಫೋಟೊಗ್ರಾಫರ್ ಬಂದಾಗ ಮಾತ್ರ. “ಇನ್ನೊಂದ್ಸಲ ಮುಷ್ಟಿ ಎತ್ತಿ, ಮುಖದಲ್ಲಿ ಸ್ವಲ್ಪ ಸಿಟ್ಟಿರಲಿ” ಎನ್ನುತ್ತಿದ್ದ.

ಅವನ ವರದಿಗಳಲ್ಲಿ ಹಾವೂ ಸಾಯುತ್ತಿರಲಿಲ್ಲ, ಕೋಲೂ ಮುರಿಯುತ್ತಿರಲಿಲ್ಲ. ಹಾವು ಯಾವುದು, ಕೋಲು ಯಾವುದು ಎಂಬುದೂ ಓದಿದವರಿಗೆ ತಿಳಿಯುತ್ತಿರಲಿಲ್ಲ. ಇದಕ್ಕೆ ಅವನು ಸಮತೋಲನ ಎಂದು ಹೆಸರಿಟ್ಟುಕೊಂಡಿದ್ದ.

ಇಂಥವನನ್ನು ಓದಿಸಿದವಳು ಅಕ್ಕ. ಅದೇ ಗಿರಣಿಯಲ್ಲಿ, ನೂಲು ಸುತ್ತುವ ಯಂತ್ರದ ಮುಂದೆ ನಿಂತೂ ನಿಂತೂ ಅವಳ ಕಾಲಿನ ನರಗಳು ಊದಿಕೊಂಡಿದ್ದವು. ಕೈ ಕೆಸರಾದದ್ದು ಅಕ್ಕನದು, ಬಾಯಿ ಮೊಸರಾದದ್ದು ತಮ್ಮನದು. ಆದರೂ ಊಟದ ಹೊತ್ತಿನಲ್ಲಿ ಅವನ ವರದಿಗಳನ್ನು ಅವಳು ಜೊತೆಯ ಹೆಂಗಸರಿಗೆಲ್ಲ ಗಟ್ಟಿಯಾಗಿ ಓದಿ ಹೇಳುವಳು. ಪಾಪ, ಹೆಮ್ಮೆಗೆ ಕಣ್ಣಿಲ್ಲ.

ಗಿರಣಿಯವರು ಯಂತ್ರಗಳ ವೇಗ ಹೆಚ್ಚಿಸಿದರು. ಅಕ್ಕನ ಪಕ್ಕದ ಮನೆಯವಳೊಬ್ಬಳು ಯಂತ್ರದ ಮುಂದೆಯೇ ತಲೆ ತಿರುಗಿ ಬಿದ್ದಳು. ಅವಳನ್ನು ಕೆಲಸದಿಂದ ಕಿತ್ತುಹಾಕಿದ್ದೇ ತಡ, ಇಡೀ ಗಿರಣಿ ಹೊರಗೆ ಬಂದು ಕೂತಿತು. ಅವಳನ್ನು ವಾಪಸ್ ತೆಗೆದುಕೊಳ್ಳುವವರೆಗೆ ಯಾರೂ ಒಳಗೆ ಹೋಗುವುದಿಲ್ಲ ಎಂದು ಎಲ್ಲರೂ ಮಾತು ಕೊಟ್ಟುಕೊಂಡರು. ಗಿರಣಿಗೆ ನಷ್ಟದ ಬಿಸಿ ತಟ್ಟಿತು. ಮಾಲೀಕರು ಮಾತುಕತೆಗೆ ಕರೆದರು.

ಎಲ್ಲೇ ಆಗಲಿ, ಮಾತುಕತೆಯ ದಿನ ಬಲ್ಲಮೂಲ ಮಾಡುತ್ತಿದ್ದ ಕೆಲಸ ಒಂದೇ. ಎರಡೂ ಕಡೆಯವರು ಎದುರುಬದುರು ಕೂರುವ ಮೊದಲೇ ಮುಷ್ಕರ ಮುಗಿಯಿತೆಂದು ವರದಿ ಬರೆದಿಡುವುದು. ಯಾವ ಮುಷ್ಕರವಾದರೂ ಒಂದು ದಿನ ಮುಗಿಯಲೇಬೇಕಲ್ಲ ಎಂಬುದು ಅವನ ತತ್ವಜ್ಞಾನ. ಆ ಮಧ್ಯಾಹ್ನ ಮ್ಯಾನೇಜರ್, “ಇವತ್ತು ಮುಗಿದ ಹಾಗೇ ಬಿಡಿ” ಎಂದದ್ದೇ ಸಾಕಾಯಿತು. ವರದಿ ಕೊಟ್ಟು ಇಸ್ಪೀಟಾಡಲು ಹೋದ. ಕಚೇರಿಯಲ್ಲಿ ಉಳಿದವರೋ, ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ. ಅಚ್ಚು ಹಾಕಿದರು. ಅತ್ತ ಮಾತುಕತೆ ಮುರಿದುಬಿದ್ದಿತ್ತು.

ಬೆಳಿಗ್ಗೆ ಅಕ್ಕನ ಮನೆ ಮುಂದೆ ಹೆಂಗಸರು ಪತ್ರಿಕೆ ಹಿಡಿದು ನಿಂತಿದ್ದರು. “ಸಂಘದವರು ಏನೂ ಹೇಳಿಲ್ವಲ್ಲೇ?” ಎಂದಳೊಬ್ಬಳು.

“ನನ್ನ ತಮ್ಮ ಬರ್ದಿದಾನೆ ಕಣ್ರೇ. ಅವನು ಸುಳ್ಳು ಬರೀತಾನಾ?” ಎಂದು ಅಕ್ಕ ಮುಂದೆ ನಡೆದಳು.

ಗೇಟಿನ ಬಳಿ ಸಂಘದವರು ಅಡ್ಡ ಬಂದು ಕೂಗಾಡಿದರು. ಅಕ್ಕ ಒಂದು ಗಳಿಗೆ ನಿಂತಳು. ಆಮೇಲೆ ತಲೆ ತಗ್ಗಿಸಿ ಒಳಗೆ ಹೋದಳು. ಅವಳ ಹಿಂದೆ ಹೆಂಗಸರು ಹೋದರು, ಹೆಂಗಸರನ್ನು ನೋಡಿ ಗಂಡಸರು ಹೋದರು. ಮಧ್ಯಾಹ್ನದೊಳಗೆ ಮುಷ್ಕರ ನಿಜವಾಗಿಯೂ ಮುಗಿದಿತ್ತು. ಪಕ್ಕದ ಮನೆಯವಳು ಹೊರಗೇ ಉಳಿದಳು.

ಬೆಳಿಗ್ಗೆ ಬೆವರುತ್ತಾ ತಪ್ಪೊಪ್ಪಿಗೆ ಬರೆಯುತ್ತಿದ್ದ ಬಲ್ಲಮೂಲ, ಊಟದ ಹೊತ್ತಿಗೆ ಅದನ್ನು ಹರಿದು ಬುಟ್ಟಿಗೆ ಹಾಕಿದ. “ಎಲ್ಲರಿಗಿಂತ ಒಂದು ದಿನ ಮುಂಚೆ ಕೊಟ್ರಲ್ರೀ!” ಎಂದು ಸಂಪಾದಕರು ಬೆನ್ನು ತಟ್ಟಿದರು. ಅವನು ಮುಖ್ಯ ವರದಿಗಾರನಾದ. ಇತ್ತ ಅಕ್ಕ ನಿವೃತ್ತಿಯಾಗುವವರೆಗೂ ಅವಳ ಪಕ್ಕ ಊಟಕ್ಕೆ ಯಾರೂ ಕೂರಲಿಲ್ಲ. ಪಕ್ಕದ ಮನೆಯ ಬಾಗಿಲು ಅವಳ ಪಾಲಿಗೆ ಮುಚ್ಚಿಯೇ ಹೋಯಿತು. ತಮ್ಮನಿಗೆ ಆ ಬೀದಿಗೆ ಬರಲು ಪುರುಸೊತ್ತೇ ಇರಲಿಲ್ಲ.

ಪುರುಸೊತ್ತಾದದ್ದು ಅವನಿಗೆ ‘ಶ್ರಮಿಕರ ದನಿ’ ಎಂಬ ಬಿರುದು ಕೊಡುವವರು ಸಿಕ್ಕಾಗ. ವೇದಿಕೆಯ ಮೇಲೆ ಗಿರಣಿಯಲ್ಲಿ ದುಡಿದ ಅಕ್ಕನಿದ್ದರೆ ಫೋಟೊಗೆ ಚೆನ್ನ ಎಂದು ಅವನಿಗೇ ಹೊಳೆದಿತ್ತು. ಅವನು ಮನೆಗೆ ಹೋದಾಗ ಅಕ್ಕ ಒಗೆದ ಬಟ್ಟೆ ಮಡಚುತ್ತಿದ್ದಳು. ಅವನ ಮಾತೆಲ್ಲ ಕೇಳಿಸಿಕೊಂಡಳು.

“ಗೇಟಲ್ಲಿ ಸಂಘದವರ ಮುಖ ನೋಡಿದಾಗ್ಲೇ ನೀನು ಬರ್ದಿದ್ದು ಸುಳ್ಳು ಅಂತ ಗೊತ್ತಾಯ್ತು ಕಣೋ” ಎಂದಳು. “ನಾನು ವಾಪಸ್ ಬಂದಿದ್ರೆ ನಿನ್ನ ಕೆಲಸ ಹೋಗ್ತಿತ್ತು. ಅದಕ್ಕೇ ಒಳಗೆ ಹೋದೆ. ನನ್ನ ಹಿಂದೆ ಅವರೆಲ್ಲ ಬರ್ತಾರೆ ಅಂತ ಗೊತ್ತಿದ್ದೂ ಹೋದೆ.”

ಬಲ್ಲಮೂಲ ಎದ್ದು ಬಾಗಿಲು ಮುಂದೆ ಮಾಡಿದ. ದನಿ ತಗ್ಗಿಸಿದ.

“ಇದನ್ನ ಬೇರೆ ಯಾರಿಗಾದ್ರೂ ಹೇಳಿದೀಯಾ, ಅಕ್ಕಾ?”

ಅಕ್ಕ ಅವನನ್ನೇ ನೋಡಿದಳು. ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟು, ಅವನು ಮುಚ್ಚಿದ ಬಾಗಿಲನ್ನು ತೆಗೆದು ಹೊರಗೆ ಹೋದಳು. ಪಕ್ಕದ ಮನೆಯ ಬಾಗಿಲು ತಟ್ಟಿದ ಸದ್ದು ಒಳಗೆ ಕೂತವನಿಗೆ ಕೇಳಿಸಿತು.